ದೀಪ ನೋಡಿದ್ರೆ ಸಂಸ್ಕೃತಿ ಹೋಗುತ್ತಾ? (ಭಾಗ 4)

ನಮ್ಮ ರಾಮನಗರ ಕಡೆಯ ಕುಟುಂಬವೊಂದು ನ್ಯೂಜೆರ್ಸಿಯಲ್ಲಿ ಕ್ರಿಸ್‌ಮಸ್ ದೀಪಗಳ ಮುಂದೆ ನಿಂತು ಫೋಟೋ ಹಾಕಿದ್ರೆ ಸಾಕು, ಕೆಳಗೆ ಕಾಮೆಂಟ್ ರೆಡಿ: "ನಮ್ಮ ಸಂಸ್ಕೃತಿ ಮರೆತ್ರಾ?"

ಸ್ವಾಮಿ, ಸ್ವಲ್ಪ ನಿಲ್ಲಿ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗ್ತಾನೆ. ಕೊರೆಯೋ ಚಳಿ ಬೇರೆ. ಅಕ್ಕಪಕ್ಕದವರು ಮನೆ ಮುಂದೆ ಹಚ್ಚಿದ ದೀಪ ನೋಡೋಕೆ ಮಕ್ಕಳನ್ನ ಕರ್ಕೊಂಡು ಹೋದ್ರೆ ತಪ್ಪೇನು? ಆ ಬಲ್ಬುಗಳೇನು ಬೈಬಲಿನಿಂದ ಬಂದವಲ್ಲ. 1882ರಲ್ಲಿ ನ್ಯೂಯಾರ್ಕ್‌ನಲ್ಲಿ ಎಡಿಸನ್‌ನ ಜೊತೆಗಾರ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಕ್ರಿಸ್‌ಮಸ್ ಮರಕ್ಕೆ 80 ಬಲ್ಬು ಕಟ್ಟಿದ. ಶುರುವಾಗಿದ್ದು ಅಲ್ಲಿಂದ.

ಹಬ್ಬವೇ ಪರದೇಶದ್ದು ಅಂತೀರಾ? ಕನಕಪುರ ತಾಲ್ಲೂಕಿನ ಹಾರೋಬೆಲೆಗೆ ಹೋಗಿ ಬನ್ನಿ. ಅಲ್ಲಿನ ಕ್ರೈಸ್ತರು ಅಚ್ಚ ಕನ್ನಡಿಗರು.

ಇನ್ನು ನಾವು ಎದೆಯುಬ್ಬಿಸಿ ತೋರಿಸೋ ಚನ್ನಪಟ್ಟಣದ ಗೊಂಬೆ? ಟಿಪ್ಪು ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ಕಲಿಸಿದ ವಿದ್ಯೆ ಅಂತಾರೆ. ನಮ್ಮ ಆಲೆಮರ, ಅರಗು, ನಮ್ಮವರ ಕೈ ಸೇರಿ ಅದು ನಮ್ಮದೇ ಆಯ್ತು. ಜಿಐ ಮಾನ್ಯತೆಯೂ ಸಿಕ್ತು.

ಮಕ್ಕಳ ಕನ್ನಡ ಬೀದಿಯ ದೀಪದಿಂದ ಹೋಗಲ್ಲ, ಮನೇಲಿ ಮಾತಾಡದಿದ್ರೆ ಹೋಗುತ್ತೆ. ಮುಂದಿನ ಸಲ ಅಂಥ ಫೋಟೋ ಕಂಡ್ರೆ ಬೈಬೇಡಿ. "ಪುಟ್ಟಾ, ಏನೇನು ನೋಡ್ದೆ?" ಅಂತ ಕೇಳಿ. ಕನ್ನಡದಲ್ಲೇ ಉತ್ತರ ಬರಲಿ.

#ನಮ್ಮರಾಮನಗರ #ಹೊರನಾಡಕನ್ನಡಿಗರು