ಕಬ್ಬಿನ ಮರೆಯ ಮನೆಗಳು

ಬೆಳಗಾವಿ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲೆಯ ಪ್ರಧಾನ ಜನಗಣತಿ ಅಧಿಕಾರಿಗಳಿಗೆ,



ನಾನು ಯಡೂರಿನ ಒಬ್ಬ ನಿವೃತ್ತ ಪ್ರಾಥಮಿಕ ಶಾಲೆ ಮಾಸ್ತರ. 1991, 2001, 2011, ಈ ಮೂರೂ ಖಾನೇಸುಮಾರಿಗಳಲ್ಲಿ ಕೈಚೀಲ ಹೆಗಲಿಗೆ ಹಾಕಿಕೊಂಡು ಮನೆ ಮನೆ ತಿರುಗಿದವ ನಾನು. ಖಾನೇಸುಮಾರಿ ಎಂಬ ಮಾತು ತಮ್ಮ ಕಡತಗಳಲ್ಲಿ ಈಗ ಕಾಣುವುದಿಲ್ಲ. ನಮ್ಮ ಕಡೆ ವಯಸ್ಸಾದವರ ಬಾಯಲ್ಲಿ ಮಾತ್ರ ಉಳಿದಿದೆ. ಖಾನೆ ಎಂದರೆ ಮನೆ, ಸುಮಾರಿ ಎಂದರೆ ಎಣಿಕೆ. ಜನರನ್ನು ಎಣಿಸುವ ಮೊದಲು ಮನೆ ಸಿಗಬೇಕು ಎಂಬ ತಿಳಿವಳಿಕೆ ಆ ಹಳೆಯ ಮಾತಿನ ಹೊಟ್ಟೆಯಲ್ಲೇ ಇತ್ತು. ನಾನು ಈಗ ಬರೆಯುತ್ತಿರುವುದೂ ಮನೆ ಹುಡುಕುವ ಕೆಲಸದ ಬಗ್ಗೆ, ಅಂದರೆ ನಕ್ಷೆಯ ಬಗ್ಗೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಸಿಬಿಡುತ್ತೇನೆ. ಒಂದು ಗಣತಿಯಲ್ಲಿ ನನ್ನನ್ನು ಬೇರೊಂದು ಊರಿಗೆ ಹಾಕಿದ್ದರು. ಊರ ಹೆಸರು ಬೇಡ. ನನ್ನ ಬ್ಲಾಕಿನ, ಅಂದರೆ ನನ್ನ ಪಾಲಿಗೆ ಬಂದ ಮನೆಗಳ ಗುಂಪಿನ, ಪಡುವಣ ಎಲ್ಲೆ ‘ಹಳ್ಳ’ ಎಂದು ಕಾಗದದಲ್ಲಿ ಬರೆದಿತ್ತು. ಹೋಗಿ ನೋಡಿದರೆ ಹಳ್ಳವೇ ಇಲ್ಲ. ನೀರು ಬತ್ತಿ ಎಷ್ಟೋ ವರ್ಷವಾಗಿತ್ತು, ಮಗ್ಗುಲಿನ ಹೊಲದವರು ಅದನ್ನು ಮುಚ್ಚಿ ಕಬ್ಬು ಹಚ್ಚಿದ್ದರು. ಕಾರ್ಖಾನೆಯ ಪಾಳಿ ಬಾರದ ಕಬ್ಬು ಆಳೆತ್ತರ ನಿಂತಿತ್ತು. ನಾನು ಈಚೆಯ ಪಾಣಂದಿಯನ್ನೇ, ಅಂದರೆ ಹೊಲದ ಗಾಡಿ ದಾರಿಯನ್ನೇ, ಎಲ್ಲೆ ಎಂದುಕೊಂಡೆ. ಆಚೆ ಬ್ಲಾಕಿನ ಮಾಸ್ತರು ಕಬ್ಬಿನ ಆಚೆಯ ಬದುವನ್ನು ಎಲ್ಲೆ ಎಂದುಕೊಂಡರು. ಇಬ್ಬರೂ ನಕ್ಷೆ ಬರೆದೆವು, ಇಬ್ಬರ ನಕ್ಷೆಯೂ ಚೆಂದ ಇತ್ತು, ಮೇಲ್ವಿಚಾರಕರು ಸಹಿ ಹಾಕಿದರು. ನಡುವಿನ ಆರು ಮನೆ ಇಬ್ಬರ ಲೆಕ್ಕಕ್ಕೂ ಬರಲಿಲ್ಲ. ಎರಡು ತಿಂಗಳ ಮೇಲೆ ಸಂತೆಯಲ್ಲಿ ಒಬ್ಬ ಅಜ್ಜಿ ನನ್ನನ್ನು ತಡೆದು ಕೇಳಿದಳು: ‘ಅಲ್ರೀ ಮಾಸ್ತರ, ನೀವು ನಮ್ಮ ತ್ವಾಟದ ಮುಂದ ಹಾದು ಹೋದ್ರಿ, ಒಳಗ ಯಾಕ ಬರಲಿಲ್ಲ? ನಮ್ಮದು ಮನಿ ಅಲ್ಲೇನ್ರೀ?’

ಆ ಹೊತ್ತಿಗೆ ಕಾಗದಗಳೆಲ್ಲ ಕಟ್ಟಿ, ಮೊಹರು ಬಿದ್ದು ಹೋಗಿದ್ದವು.

ಆರು ಮನೆ ದೊಡ್ಡದೇನಲ್ಲ ಎಂದು ತಮಗನಿಸಬಹುದು. 2011ರ ಗಣತಿ ಮುಗಿದ ಮೇಲೆ ಸರಕಾರವೇ ನಡೆಸಿದ ಮರುಪರಿಶೀಲನೆಯಲ್ಲಿ ದೇಶದಲ್ಲಿ ಸಾವಿರಕ್ಕೆ 23 ಜನ ಲೆಕ್ಕ ತಪ್ಪಿದ್ದಾರೆಂದು ಬಂತು. ನಮ್ಮ ಜಿಲ್ಲೆಯಲ್ಲಿ ಆಗ ಎಣಿಸಿದ್ದು 47,79,661 ಜನ, ಬೆಂಗಳೂರು ಬಿಟ್ಟರೆ ರಾಜ್ಯಕ್ಕೆ ಎರಡನೆಯದು. ದೇಶದ ಸರಾಸರಿಯನ್ನು ಜಿಲ್ಲೆಗೆ ಹಚ್ಚಿ ಗುಣಿಸುವುದು ಶಾಸ್ತ್ರವಲ್ಲ, ಗೊತ್ತು. ಆದರೂ ಗುಣಿಸಿ ನೋಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹೀಗೆ ಲೆಕ್ಕ ತಪ್ಪಿದವರಲ್ಲಿ ಸಂತೆಯ ಅಜ್ಜಿಯೂ ಒಬ್ಬಳು.

ಈ ಸಲದ, ಅಂದರೆ 2027ರ, ಗಣತಿಗೆ ಊರು, ತಾಲ್ಲೂಕು, ಜಿಲ್ಲೆಗಳ ಗಡಿ 31 ಡಿಸೆಂಬರ್ 2025ಕ್ಕೆ ಎಲ್ಲಿದ್ದವೋ ಅಲ್ಲಿಗೇ ನಿಂತವು. 31 ಮಾರ್ಚ್ 2027ರವರೆಗೆ ಯಾರೂ ಅಲುಗಿಸುವಂತಿಲ್ಲ. ಒಳ್ಳೆಯದೇ. ಹಿಂದಿನ ಗಣತಿಯ ಕಾಲಕ್ಕೆ ನಿಪ್ಪಾಣಿ ನಮ್ಮ ಚಿಕ್ಕೋಡಿ ತಾಲ್ಲೂಕಿನಲ್ಲೇ ಇತ್ತು, ಕಾಗವಾಡ ಅಥಣಿಯಲ್ಲಿತ್ತು. ಈಗ ಎರಡೂ ಬೇರೆ ತಾಲ್ಲೂಕು. ಹತ್ತು ತಾಲ್ಲೂಕಿನ ಹಳೆಯ ನಕ್ಷೆಯನ್ನು ಹೊಸ ತಾಲ್ಲೂಕುಗಳಿಗೆ ಹೊಂದಿಸುವ ಕೆಲಸ ತಮ್ಮ ಕಚೇರಿಯ ನುರಿತ ಕೈಗಳಿಗೆ ಕಷ್ಟವಲ್ಲ. ಮೇಲಿನ ಗಡಿಗಳ ಬಗ್ಗೆ ನನಗೆ ಚಿಂತೆಯಿಲ್ಲ. ಈ ಸೀಮೆಯಲ್ಲಿ ಅವುಗಳನ್ನು ಕಾಯುವವರು ಬೇಕಾದಷ್ಟಿದ್ದಾರೆ. 1967ರ ಮಹಾಜನ ವರದಿ 264 ಊರು ಮಹಾರಾಷ್ಟ್ರಕ್ಕೆ, 247 ಊರು ಕರ್ನಾಟಕಕ್ಕೆ ಎಂದು ಶಿಫಾರಸು ಮಾಡಿತು, ಆ ಗಡಿಯ ತಂಟೆ ಕೊನೆಗೆ ನ್ಯಾಯಾಲಯದ ಮಾತಾಯಿತು. ನನ್ನ ಚಿಂತೆಯೆಲ್ಲ ಊರ ಒಳಗಿನ ಗೆರೆಯದು: ಒಬ್ಬ ಮಾಸ್ತರನ ಪಾಲು ಎಲ್ಲಿಗೆ ಮುಗಿದು ಇನ್ನೊಬ್ಬನದು ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆ. ಅದಕ್ಕೆ ವಕೀಲರಿಲ್ಲ.

ಆ ಗೆರೆ ಹೇಗೆ ಎಳೆಯುತ್ತಿದ್ದೆವು ಎಂಬುದನ್ನು ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ಒಂದು ಬ್ಲಾಕಿಗೆ ಏಳೆಂಟುನೂರು ಜನ. ಊರಿನ ವಾಯವ್ಯ ಮೂಲೆಯಿಂದ ನಂಬರು ಹಚ್ಚುತ್ತ ಹೊರಟು ಆಗ್ನೇಯಕ್ಕೆ ಮುಗಿಸಬೇಕು. ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ. ವಾಸಕ್ಕಲ್ಲದ ಕಟ್ಟಡವಾದರೆ ಅದರೊಳಗೆ ಅಡ್ಡಗೆರೆ ತುಂಬಬೇಕು. ದಾರಿಗೆ ಬಾಣದ ಗುರುತು. ಗುಡಿ, ಶಾಲೆ, ಬಾವಿ, ಆಲದ ಮರ ಇವೆಲ್ಲ ಕಾಣಬೇಕು. ಗಾಂವಠಾಣದೊಳಗೆ, ಅಂದರೆ ಊರ ಮನೆಗಳೆಲ್ಲ ಒತ್ತಾಗಿರುವಲ್ಲಿ, ಈ ವಿಧಾನ ಸಕ್ಕರೆಯಂಥದು. ಯಡೂರಿನಲ್ಲಿ ವೀರಭದ್ರ ದೇವರ ಗುಡಿಯನ್ನು ಹಾಳೆಯ ಮೇಲೆ ಇಟ್ಟುಕೊಂಡರೆ ಸಾಕು, ಮಿಕ್ಕ ಓಣಿಗಳು ತಾವಾಗಿ ಬಂದು ಅದರ ಸುತ್ತ ಕೂಡುತ್ತವೆ.

ಕಷ್ಟ ಶುರುವಾಗುವುದು ಊರ ಅಗಸಿ ದಾಟಿದ ಮೇಲೆ. ಮೈಸೂರು ಸೀಮೆಯಿಂದ ಬಂದ ಅಧಿಕಾರಿಗಳಿಗೆ ಇದು ಬೇಗ ಹೊಳೆಯುವುದಿಲ್ಲ: ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಜನ ಊರಲ್ಲಿರುವಷ್ಟೇ ತೋಟದಲ್ಲೂ ಇರುತ್ತಾರೆ. ನೀರಾವರಿ ಬಂದು ಕಬ್ಬು ಬಂದ ಮೇಲೆ ಅಣ್ಣತಮ್ಮಂದಿರು ಪಾಲಾದರು, ಪಾಲಾದವರು ಹೊಲದಲ್ಲೇ ಮನೆ ಕಟ್ಟಿಕೊಂಡರು. ಇಂಥವರ ತೋಟ, ಅಂಥವರ ಕೋಡಿ ಎಂದು ಅವಕ್ಕೆ ಹೆಸರು. ಕೆಲವು ತೋಟಗಳಿಗೆ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯೇ ಬಂದಿದೆ. ಆದರೆ ಗಣತಿಯ ಕಾಗದದಲ್ಲಿ ತೋಟಕ್ಕೆ ಹೆಸರಿಲ್ಲ, ಸಂಕೇತ ಸಂಖ್ಯೆ ಇಲ್ಲ. ಊರಿಗೆ ಸೇರಿದ ಬಾಲದಂತೆ ಯಾವುದೋ ಬ್ಲಾಕಿನ ತುದಿಗೆ ಅಂಟಿಕೊಂಡಿರುತ್ತದೆ.

ಕಂದಾಯ ಇಲಾಖೆಯ ಹಳೆಯ ಮಾತೊಂದಿದೆ, ತಲಾಠಿಗಳಿಗೆಲ್ಲ ಗೊತ್ತು: ಬೇಚರಾಕ್ ಗ್ರಾಮ. ಚಿರಾಗ್ ಇಲ್ಲದ್ದು, ದೀಪ ಉರಿಯದ ಊರು. ಜನ ಬಿಟ್ಟುಹೋಗಿ ಎಷ್ಟೋ ತಲೆಮಾರು ಕಳೆದರೂ ಅಂಥ ಊರಿಗೆ ನಕಾಶೆ ಉಂಟು, ಜನಗಣತಿಯ ಪುಸ್ತಕದಲ್ಲಿ ಒಂದು ಸಂಖ್ಯೆಯೂ ಉಂಟು, ಮುಂದೆ ಸೊನ್ನೆ. ದೀಪವಿಲ್ಲದ ಊರಿಗೆ ನಂಬರು ಕೊಟ್ಟ ದೇಶ ನಲವತ್ತು ದೀಪ ಉರಿಯುವ ತೋಟಕ್ಕೆ ಕೊಟ್ಟಿಲ್ಲ. ಇದನ್ನು ಬದಲಿಸುವ ಅಧಿಕಾರ ತಮಗಿಲ್ಲ ಎಂಬುದು ನನಗೆ ಗೊತ್ತು. ತೋಟದ ಹೆಸರನ್ನು ಬ್ಲಾಕಿನ ನಕ್ಷೆಯ ಮೇಲೆ ಬರೆಸುವ ಅಧಿಕಾರ ಇದೆ. ಗೆರೆ ಎಳೆಯುವಾಗ ಹಳ್ಳ, ಬದು, ಕಬ್ಬಿನ ಅಂಚು ಇವುಗಳನ್ನು ಎಲ್ಲೆ ಮಾಡದೆ, ಇಡೀ ತೋಟ ಒಬ್ಬನೇ ಮಾಸ್ತರನ ಪಾಲಿಗೆ ಬರುವಂತೆ ನೋಡಿಕೊಳ್ಳುವ ಅಧಿಕಾರವೂ ಇದೆ.

ಗಣತಿಯಲ್ಲಿ ಬಿಟ್ಟುಹೋದರೆ ಯಾರಿಗೂ ಪರಿಹಾರದ ಹಣ ತಪ್ಪುವುದಿಲ್ಲ, ರೇಷನ್ ನಿಲ್ಲುವುದಿಲ್ಲ. ಇದನ್ನು ನಾನು ತೋಟದವರಿಗೂ ಹೇಳಿದ್ದೇನೆ. ತಪ್ಪುವುದು ಬೇರೆ ರೀತಿ. ಗ್ರಾಮ ಪಂಚಾಯಿತಿಗೆ 400 ಜನಕ್ಕೊಬ್ಬ ಸದಸ್ಯ, ಅದೂ ಗಣತಿಯ ಲೆಕ್ಕದ ಮೇಲೆ. ತೋಟದ ನಲವತ್ತು ಮನೆ ಬಿಟ್ಟರೆ ಅರ್ಧ ಸದಸ್ಯ ಹೋದಂತೆ. ಅಂಗನವಾಡಿ ಎಷ್ಟು ಬೇಕೆಂಬುದಕ್ಕೂ ಜನಸಂಖ್ಯೆಯೇ ಅಳತೆ. ಮಳೆಗಾಲದಲ್ಲಿ ಮೊಳಕಾಲು ಕೆಸರಿನ ಪಾಣಂದಿಯಲ್ಲಿ ಕೂಸನ್ನು ಎತ್ತಿಕೊಂಡು ಊರ ಅಂಗನವಾಡಿಗೆ ಬರುವ ತಾಯಿಗೆ ತನ್ನ ಕಷ್ಟದ ಬೇರು ಯಾರೋ ಬರೆದ ಗೆರೆಯಲ್ಲಿದೆ ಎಂದು ಗೊತ್ತಿರುವುದಿಲ್ಲ.

ಇನ್ನು ಹೊಳೆ. ಕೊಯ್ನಾ ಜಲಾಶಯದಿಂದ ನೀರು ಬಿಟ್ಟರೆಂದರೆ ಕಲ್ಲೋಳ–ಯಡೂರ ಬಾಂದಾರ ಸೇತುವೆ ಮುಳುಗಿತು ಎಂಬ ಸುದ್ದಿ ಪ್ರತಿ ಮಳೆಗಾಲ ತಮ್ಮ ಮೇಜಿಗೂ ಬರುತ್ತದೆ. 2005, 2019, 2021ರ ಮಹಾಪೂರಗಳು ನದಿ ದಂಡೆಯ ಮನೆಗಳ ಅರ್ಥವನ್ನೇ ಬದಲಿಸಿವೆ. ಹೊಳೆಯ ಹತ್ತಿರದ ಹಳೆಯ ಮನೆಯ ಗೋಡೆ ಕುಸಿದಾಗ ಮಕ್ಕಳು ತೋಟಕ್ಕೆ ಹೋದರು. ಹಳೆಯ ಮನೆಯಲ್ಲಿ ಈಗ ಎಮ್ಮೆ ಕಟ್ಟುತ್ತಾರೆ. ನಕ್ಷೆ ಬರೆಯುವವನು ಬಾಗಿಲಲ್ಲಿ ಎಮ್ಮೆ ನೋಡಿ ‘ದನದ ಕೊಟ್ಟಿಗೆ’ ಎಂದು ಅಡ್ಡಗೆರೆ ತುಂಬಿ ಮುಂದೆ ಹೋಗುತ್ತಾನೆ. ಒಳಗೆ ಗ್ವಾದಲಿಯ ಮಗ್ಗುಲಿಗೆ ಹೊರಸು ಹಾಕಿಕೊಂಡು ಮುದುಕನೊಬ್ಬ ಮಲಗಿರುತ್ತಾನೆ. ಹುಟ್ಟಿದ ಮನೆ ಬಿಟ್ಟು ತೋಟಕ್ಕೆ ಬರುವುದಿಲ್ಲ ಎಂದು ಹಟ ಹಿಡಿದವನು. ಒಮ್ಮೆ ಕೊಟ್ಟಿಗೆ ಎಂದು ನಮೂದಾದ ಕಟ್ಟಡದ ಬಾಗಿಲನ್ನು ಜನರ ಎಣಿಕೆ ನಡೆಯುವ ಫೆಬ್ರವರಿಯಲ್ಲಿ ಯಾರೂ ಬಡಿಯುವುದಿಲ್ಲ.

 

ಎಲ್ಲಕ್ಕಿಂತ ಕಷ್ಟದ ಮಾತಿಗೆ ಈಗ ಬರುತ್ತೇನೆ. ನಕ್ಷೆ ಮತ್ತು ಮನೆಪಟ್ಟಿ ಬೇಸಿಗೆಯ ಕೆಲಸ. ಜನರ ಎಣಿಕೆ 2027ರ ಫೆಬ್ರವರಿಯದು, ಮಾರ್ಚ್ 1 ಶುರುವಾಗುವ ನಡುರಾತ್ರಿ 12 ಗಂಟೆಗೆ ಲೆಕ್ಕ ನಿಲ್ಲುತ್ತದೆ. ಬೇಸಿಗೆಯ ಯಡೂರು ಬೇರೆ, ಫೆಬ್ರವರಿಯ ಯಡೂರು ಬೇರೆ. ದೀಪಾವಳಿಯ ಆಸುಪಾಸು ಕಾರ್ಖಾನೆಗಳ ಹಂಗಾಮು ಶುರುವಾದರೆ ಬೀಡ ಜಿಲ್ಲೆಯಿಂದ, ಮರಾಠವಾಡದ ಬೇರೆ ಕಡೆಗಳಿಂದ, ನಮ್ಮದೇ ವಿಜಯಪುರದ ಕಡೆಯಿಂದ ಕಬ್ಬು ಕಡಿಯುವ ಟೋಳಿಗಳು ಬರುತ್ತವೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಟೋಳಿಯ ಗುತ್ತಿಗೆದಾರನಾದ ಮುಕಾದಮನ ಹತ್ತಿರ ಮುಂಗಡ ತಂದಿರುತ್ತಾರೆ, ಜೊತೆಗೆ ಮಕ್ಕಳಿರುತ್ತವೆ, ಕೆಲವರಿಗೆ ಎತ್ತು. ಹೊಲದ ಮೂಲೆಯಲ್ಲಿ ಕಬ್ಬಿನ ರವದಿ, ತಾಡಪತ್ರಿ ಕಟ್ಟಿ ಗುಡಿಸಲು ಹಾಕುತ್ತಾರೆ. ಮೂರು ಕಲ್ಲಿನ ಒಲೆ ಹೊತ್ತುತ್ತದೆ. ಗಣತಿಯ ಕಣ್ಣಿಗೆ ಅದೂ ಮನೆಯೇ. ಎಣಿಕೆಯ ದಿನಗಳ ಪೂರ್ತಿ ಸ್ವಂತ ಊರಿನಿಂದ ದೂರ ಇದ್ದವರನ್ನು ಅವರಿದ್ದಲ್ಲಿಯೇ ಎಣಿಸಬೇಕೆಂಬುದು ನಿಯಮ.

ಆದರೆ ಬೇಸಿಗೆಯ ನಕ್ಷೆಯಲ್ಲಿ ಅವರಿಲ್ಲ, ಆಗ ಅವರು ಇಲ್ಲಿರಲೇ ಇಲ್ಲ. ಉಪಗ್ರಹದ ಚಿತ್ರದಲ್ಲೂ ಇಲ್ಲ. ಅದು ನೋಡಿದ ದಿನ ಅಲ್ಲಿ ಬರೀ ಕೂಳೆ ಕಬ್ಬಿತ್ತು. ಮೇಲಾಗಿ ಅವರು ನಿಂತಲ್ಲಿ ನಿಲ್ಲುವವರಲ್ಲ, ಈ ವಾರ ಯಡೂರು, ಮುಂದಿನ ವಾರ ಚಂದೂರು, ಆಮೇಲೆ ಮಾಂಜರಿ. ಅವರ ಊರಿನಲ್ಲಿ ಬೀಗ ಬಿದ್ದ ಬಾಗಿಲು ನೋಡಿ ಆ ಮಾಸ್ತರ ಮುಂದೆ ಹೋಗುತ್ತಾನೆ, ಇಲ್ಲಿ ನಮ್ಮ ಮಾಸ್ತರನಿಗೆ ಅವರು ಇರುವುದೇ ಗೊತ್ತಿರುವುದಿಲ್ಲ. ಎರಡು ರಾಜ್ಯಗಳ ನಡುವೆ ಒಂದು ಕುಟುಂಬ ಜಾರಿ ಹೋಗಲು ಇಷ್ಟು ಸಾಕು. ನಮ್ಮ ಹೊಲದ ಸಕ್ಕರೆ ಅವರ ಕೈಯಿಂದ ಬಂದದ್ದು. ಲೆಕ್ಕದಲ್ಲಿ ಅವರನ್ನು ಹತ್ತು ವರ್ಷ ಇಲ್ಲವಾಗಿಸುವುದು ನನಗೆ ನಾಚಿಕೆಯ ಸಂಗತಿ ಎನಿಸುತ್ತದೆ. ಕಳೆದ ಸಲ ಬಿಟ್ಟುಹೋದವರಿಗಂತೂ ಹತ್ತೂ ಅಲ್ಲ, 2021ರದ್ದು ನಡೆಯದೆ ಹೋದದ್ದರಿಂದ ಹದಿನಾರು ವರ್ಷ.

ಈ ಬಾರಿ ಎಲ್ಲ ಮೊಬೈಲಿನಲ್ಲಿ, ಕಟ್ಟಡ ಕಟ್ಟಡಕ್ಕೂ ಸ್ಥಳದ ಗುರುತು ಬೀಳುತ್ತದೆ, ತಪ್ಪಲು ಸಾಧ್ಯವೇ ಇಲ್ಲ ಎಂದು ಹೇಳುವವರಿದ್ದಾರೆ. ನಾನು ಮೊಬೈಲಿನ ವೈರಿಯಲ್ಲ. ಆದರೆ 2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆಯಿತಲ್ಲ, ಅದಕ್ಕೆಂದು ಕರೆಂಟ್ ಮೀಟರಿನ ಆಧಾರದ ಮೇಲೆ ಮನೆಗಳಿಗೆ ಸ್ಟಿಕ್ಕರ್ ಅಂಟಿಸಿದರು. ಪಟ್ಟಿಯ ಒಂದು ಮನೆ ಈ ತುದಿಗೆ, ಇನ್ನೊಂದು ಆ ತುದಿಗೆ ಎಂದು ರಾಜ್ಯದುದ್ದಕ್ಕೂ ಶಿಕ್ಷಕರು ಗೋಳಾಡಿದ್ದನ್ನು ತಾವೂ ಓದಿರುತ್ತೀರಿ. ತೋಟದಲ್ಲಿ ಪಂಪ್‌ಸೆಟ್ಟಿನ ತಂತಿಯಿಂದಲೇ ಒಂದು ಬಲ್ಬು ಎಳೆದುಕೊಂಡ ಮನೆಗೆ ಮೀಟರು ಎಲ್ಲಿಂದ ಬರಬೇಕು? ಮೊಬೈಲು ನಿಂತ ಜಾಗ ಹೇಳುತ್ತದೆ. ಎಲ್ಲಿ ಹೋಗಿ ನಿಲ್ಲಬೇಕು ಎಂದು ಹೇಳುವವರು ಊರಲ್ಲಿದ್ದಾರೆ.

ಅವರನ್ನು ಕೇಳಿ ಎಂಬುದೇ ನನ್ನ ವಿನಂತಿ. 2027ರ ಜನವರಿಯಲ್ಲಿ, ಎಣಿಕೆಗೆ ಮೂರು ವಾರ ಮುಂಚೆ, ಪ್ರತಿ ಬ್ಲಾಕಿನ ನಕ್ಷೆಯನ್ನು ಇನ್ನೊಮ್ಮೆ ಕಾಲ್ನಡಿಗೆಯಲ್ಲಿ ನೋಡಿಸಿರಿ. ಮಾಸ್ತರನ ಸಂಗಡ ಊರ ವಾಲೀಕಾರ, ಆಶಾ ಕಾರ್ಯಕರ್ತೆ, ಹೆಸ್ಕಾಂ ಲೈನ್‌ಮನ್ ಇವರಲ್ಲಿ ಒಬ್ಬರಾದರೂ ಇರಲಿ. ಯಾವ ತೋಟದಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯಲ್ಲಿ ಎರಡು ಒಲೆ ಆಗಿವೆ ಎಂಬುದು ಅವರಿಗೆ ಹಾಳೆ ನೋಡದೆ ಗೊತ್ತು. ಅಕ್ಕಪಕ್ಕದ ಬ್ಲಾಕಿನ ಇಬ್ಬರು ಮಾಸ್ತರರು ಎಲ್ಲೆಯ ಮೇಲೆ ಒಟ್ಟಿಗೇ ನಡೆಯಲಿ. ಬೇರೆ ಬೇರೆ ನಡೆದರೆ ನಾನು ಮಾಡಿದ್ದೇ ಆಗುತ್ತದೆ. ಸಕ್ಕರೆ ಕಾರ್ಖಾನೆಗಳ ಫೀಲ್ಡ್‌ಮನ್‌ಗಳ ಹತ್ತಿರ ಯಾವ ಟೋಳಿ ಯಾವ ಸರ್ವೇ ನಂಬರಿನ ಕಬ್ಬು ಕಡಿಯುತ್ತಿದೆ ಎಂಬ ಲೆಕ್ಕ ದಿನದಿನದ್ದು ಇರುತ್ತದೆ. ತಾವು ಒಂದು ಪತ್ರ ಬರೆದರೆ ಆ ಲೆಕ್ಕ ತಹಶೀಲ್ದಾರರ ಕಚೇರಿಗೆ ಬರುತ್ತದೆ. ಗುಡಿಸಲುಗಳಿಗೆ ಹೋಗುವ ಮಾಸ್ತರನಿಗೆ ಮರಾಠಿ ಬರಬೇಕು. ನಮ್ಮ ತಾಲ್ಲೂಕಿನಲ್ಲಿ ಅಂಥವರಿಗೆ ಬರವಿಲ್ಲ. ಹೊತ್ತು ಮುಳುಗಿದ ಮೇಲೆ ಹೋಗಬೇಕು, ಹಗಲೆಲ್ಲ ಅವರು ಕಬ್ಬಿನೊಳಗೇ ಇರುತ್ತಾರೆ.

ಇನ್ನೊಂದು. ಎಣಿಕೆಗೆ ಮುನ್ನ ಊರಿನ ಬ್ಲಾಕ್ ನಕ್ಷೆಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ನಾಲ್ಕು ದಿನ ತೂಗುಹಾಕಿಸಿರಿ. ಗಣತಿಯ ಕಾಯ್ದೆ ಗುಟ್ಟು ಕಾಯಬೇಕೆನ್ನುತ್ತದೆ ಎಂದು ಯಾರಾದರೂ ಆಕ್ಷೇಪಿಸಬಹುದು. 1948ರ ಕಾಯ್ದೆಯ 15ನೆಯ ಕಲಮು ಗಣತಿಯವರು ಬರೆದ ದಾಖಲೆಗಳನ್ನು ನೋಡುವ ಹಕ್ಕು ಯಾರಿಗೂ ಇಲ್ಲವೆನ್ನುತ್ತದೆ, ನಿಜ. ಆದರೆ ಹೆಸರಿಲ್ಲದ, ತಲೆಗಳ ಲೆಕ್ಕವಿಲ್ಲದ, ಬರೀ ದಾರಿ, ಎಲ್ಲೆ, ತೋಟದ ಹೆಸರು ಇರುವ ಹಾಳೆಯಲ್ಲಿ ಯಾರ ಗುಟ್ಟೂ ಇರುವುದಿಲ್ಲ. ಅಡ್ಡಿಯಿದ್ದರೆ ಮೇಲಿನವರ ಅನುಮತಿ ಕೇಳಿ ನೋಡಿರಿ. ತೂಗುಹಾಕಿದ ದಿನವೇ ಹತ್ತು ಜನ ಬಂದು ಬೆರಳಿಟ್ಟು ಬೈಯುತ್ತಾರೆ: ನಮ್ಮ ತ್ವಾಟ ಎಲ್ಲೈತಿ? ಆ ಬೈಗುಳ ಫೆಬ್ರವರಿಗೆ ಮುಂಚೆ ಬಿದ್ದರೆ ಲಾಭ. ನನಗೆ ಬಿದ್ದದ್ದು ತಡವಾಗಿ, ಸಂತೆಯಲ್ಲಿ.

ತಾವೇ ಒಮ್ಮೆ ಬಂದು ನೋಡುವುದಾದರೆ ಜನವರಿ ಒಳ್ಳೆಯದು. ಹೊಳೆ ಇಳಿದಿರುತ್ತದೆ, ಬಾಂದಾರದ ಮೇಲೆ ವಾಹನ ಓಡಾಡುತ್ತಿರುತ್ತವೆ. ಗುಡಿಯ ಮುಂದೆ ಕಾರು ಬಿಟ್ಟುಬಿಡಿ, ಪಾಣಂದಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ಕಾರಿಗೆ ಹಿಂದೆ ಬರಲೂ ಜಾಗ ಸಿಗುವುದಿಲ್ಲ. ನನ್ನ ಗಾಡಿ ಇದೆ, ಹಿಂದೆ ಕೂತರೆ ಆಯಿತು.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ಯಡೂರು, ತಾ. ಚಿಕ್ಕೋಡಿ