ವಿಷವೂ ಹಿಟ್ಟೂ ಒಂದೇ ಗಾಡಿಯಲ್ಲಿ

ಮಳೆಗಾಲ ಸಮೀಪಿಸಿದಂತೆ ಘಟ್ಟದ ತೋಟಗಳಿಗೆ ಮೈಲುತುತ್ತ, ಕಳೆನಾಶಕ, ಕೀಟನಾಶಕಗಳ ಸಾಗಾಟ ಆರಂಭವಾಗುತ್ತದೆ. ಲಾರಿಯಿಂದ ಅಂಗಡಿಗೆ, ಅಂಗಡಿಯಿಂದ ಬಸ್ಸಿಗೆ, ಬಸ್ಸಿನಿಂದ ಜೀಪಿಗೆ. ಅದೇ ಜೀಪಿನಲ್ಲಿ ಅಕ್ಕಿ ಮೂಟೆ, ದನಗಳ ಹಿಂಡಿ, ಶಾಲೆಯಿಂದ ಮರಳುವ ಮಕ್ಕಳು.

ಈ ಸಹಪ್ರಯಾಣದ ಬೆಲೆ ಏನೆಂಬುದನ್ನು ಕೇರಳ 1958ರಲ್ಲೇ ಕಂಡಿತು. ಹಡಗಿನಲ್ಲಿ ಆಹಾರ ಪದಾರ್ಥಗಳ ಜೊತೆ ಬಂದ ಪ್ಯಾರಾಥಿಯಾನ್ ಸೋರಿ ಗೋಧಿಹಿಟ್ಟಿಗೆ ಬೆರೆಯಿತು. ಅದನ್ನುಂಡ 100ಕ್ಕೂ ಹೆಚ್ಚು ಜನ ಅಸುನೀಗಿದರು. ಹೊಲಕ್ಕೆ ಸಿಂಪಡಿಸುವ ಮೊದಲೇ, ಬರಿಯ ಸಾಗಣೆಯ ಹಾದಿಯಲ್ಲಿ, ಆ ವಿಷ ಕೊಂದಿತ್ತು. ಕೀಟನಾಶಕ ಕಾಯ್ದೆ ಬಂದದ್ದು ಹತ್ತು ವರ್ಷಗಳ ಬಳಿಕ, 1968ರಲ್ಲಿ. 1971ರ ನಿಯಮಾವಳಿಯ 35ನೆಯ ನಿಯಮ ಸ್ಪಷ್ಟವಾಗಿದೆ: ಆಹಾರಕ್ಕಾಗಲಿ ಪಶು ಆಹಾರಕ್ಕಾಗಲಿ ನೇರವಾಗಿ ತಗಲುವಂತೆ ಕೀಟನಾಶಕವನ್ನು ಸಾಗಿಸಕೂಡದು, ಸೋರಿದಲ್ಲಿ ಮಣ್ಣು, ನೀರು ಕೆಡದಂತೆ ಕೂಡಲೇ ಕ್ರಮ ಕೈಗೊಳ್ಳುವುದು ಸಾಗಣೆದಾರನ ಹೊಣೆ.

ಆದರೆ ಈ ನಿಯಮ ನಮ್ಮ ಕೊನೆಯ ನಾಲ್ಕು ಮೈಲಿಯ ಏರುದಾರಿಯನ್ನು ಹತ್ತುವುದೇ ಇಲ್ಲ! ಅಲ್ಲಿ ಒಡೆದ ಡಬ್ಬಿಯ ವಿಷ ಇಳಿಯುವುದು ಹಳ್ಳಕ್ಕೆ. ಅಬ್ಬಿ ನೀರನ್ನೇ ಕುಡಿಯುವ ಊರುಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಬೇರೆ ಬಾಟಲಿಗೆ ಬಗ್ಗಿಸಿ ಕೊಡುವ ಬಿಡಿ ಮಾರಾಟವನ್ನು ನಾವು ಒಪ್ಪಬಾರದು. ಎಚ್ಚರಿಕೆಯ ಗುರುತು ಇರುವುದು ಮೂಲ ಡಬ್ಬಿಯ ಮೇಲೆ ಮಾತ್ರ. ಓರೆಯಾಗಿ ನಿಂತ ಚೌಕದ ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ಅತ್ಯುಗ್ರ ವಿಷ. ಹಳದಿ, ನೀಲಿ, ಹಸಿರು ಅನಂತರದವು. (ಹಸಿರೆಂದರೆ ನಿರಪಾಯವೆಂದಲ್ಲ.) ವಿದ್ಯಾರ್ಥಿಗಳು ಇದನ್ನು ಮನೆಯ ಹಿರಿಯರಿಗೆ ತೋರಿಸಿಕೊಡಲಿ. ಗ್ರಾಮಸಭೆಗಳು ಅಂಗಡಿಕಾರರನ್ನೂ ಜೀಪಿನ ಮಾಲೀಕರನ್ನೂ ಕರೆಸಿ, ವಿಷದ ಸಾಗಣೆಗೆ ಬೇರೆಯೇ ದಿನವನ್ನು ಈ ಮಳೆಗಾಲಕ್ಕೆ ಮುನ್ನವೇ ಗೊತ್ತುಪಡಿಸಲಿ.