ಸೀಮಂತದ ಸೀರೆ, ಹೆರಿಗೆಯ ಸಹಿ

ಮಗಳ ಸೀಮಂತದ ಸೀರೆಗಾಗಿ ನಾವು ಮಲ್ಲೇಶ್ವರದ ಆರು ಅಂಗಡಿ ಹತ್ತಿಳಿದೆವು. ಸೆರಗು ಬಿಡಿಸಿ ನೋಡಿದೆವು, ಬಣ್ಣ ಬಿಡುತ್ತದೆಯೇ ಎಂದು ಕೇಳಿದೆವು. ಅದೇ ಮಗಳನ್ನು ಹೆರಿಗೆಗೆ ಸೇರಿಸುವಾಗ, ಯಲಹಂಕದ ನಮ್ಮ ಮನೆಗೆ ಹತ್ತಿರ ಎಂಬುದೊಂದನ್ನು ಬಿಟ್ಟು ಬೇರೇನನ್ನೂ ವಿಚಾರಿಸಲಿಲ್ಲ. ವಿಚಾರಿಸಬೇಕಾಗಿದ್ದವಳು ನಾನು, ಎರಡು ಹೆತ್ತವಳು.

ನಡುರಾತ್ರಿ ನನ್ನನ್ನು ಬಾಗಿಲಲ್ಲೇ ತಡೆದರು. ಒಳಗೆ ಅವಳನ್ನು ಅಂಗಾತ ಮಲಗಿಸಿ ಏಳಬೇಡ ಎಂದರಂತೆ, ಕೂಗಿದ್ದಕ್ಕೆ ಗದರಿದರಂತೆ. ಬೆಳಗಿನ ಜಾವ ಒಂದು ಕಾಗದವನ್ನು ಅಳಿಯನ ಮುಂದೆ ಹಿಡಿದರು. ಯಾಕೆ ಎಂದು ಕೇಳಿದ್ದಕ್ಕೆ "ಮಗು ಬೇಕೋ ಬೇಡವೋ?" ಎಂದರು. ಈ ಮಾತಿಗೆ ಯಾವ ಗಂಡ ಸಹಿ ಹಾಕದೆ ಇರುತ್ತಾನೆ, ನೀವೇ ಹೇಳಿ. ಹೆರುವವಳನ್ನಂತೂ ಯಾರೂ ಕೇಳಲಿಲ್ಲ. ಆ ಆಪರೇಷನ್ ಯಾಕೆ ಬೇಕಾಯಿತೆಂದು ಆಮೇಲೂ ಯಾರೂ ಬಿಡಿಸಿ ಹೇಳಲಿಲ್ಲ. ನನ್ನ ಸಿಟ್ಟೆಲ್ಲ ಅದಕ್ಕೇ.

ಸಿಸೇರಿಯನ್ನನ್ನು ನಾನು ಹಳಿಯುತ್ತಿಲ್ಲ. ಅದು ಸಿಗದೆ ನನ್ನ ದೊಡ್ಡಮ್ಮ, ಅಡ್ಡ ತಿರುಗಿದ ಮಗುವಿನೊಂದಿಗೇ ಹೋದಳು. ಹಿಂದಿನವರು ಮನೆಯಲ್ಲೇ ಹೆರುತ್ತಿರಲಿಲ್ಲವೇ ಎನ್ನುವವರಿಗೆ ಆ ಕಥೆ ಹೇಳುತ್ತೇನೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14 ಹೆರಿಗೆ ಸಿಸೇರಿಯನ್, ಖಾಸಗಿಯಲ್ಲಿ 47. ಕಷ್ಟದ ಹೆರಿಗೆಗಳೆಲ್ಲ ಖಾಸಗಿಗೇ ಬರುತ್ತವೆಯೇ? ವಾಣಿವಿಲಾಸದ ಮುಂದೆ ಒಂದು ರಾತ್ರಿ ನಿಂತು, ಎಲ್ಲೆಲ್ಲಿಂದ ಆಂಬುಲೆನ್ಸ್ ಬರುತ್ತವೆ ಎಣಿಸಿ.

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು. ಹೆರುವವಳ ಪಕ್ಕ ಕೂತು ಬೆನ್ನು ಸವರುವ ಅಂಥ ಕೈಯನ್ನು ಮಾತ್ರ ಬಾಗಿಲಾಚೆ ನಿಲ್ಲಿಸಿದೆವು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು: ಅವಳು ಬಯಸಿದವರು ಜೊತೆಗಿರಲಿ, ಅಪಾಯವಿಲ್ಲದವಳು ನೋವಿನ ಹೊತ್ತಿನಲ್ಲಿ ಓಡಾಡಲಿ, ಸಹಜ ಹೆರಿಗೆಯಲ್ಲಿ ಕಂಡಕಂಡವರಿಗೆಲ್ಲ ಕತ್ತರಿ ಹಾಕಬೇಡಿ. ಸರ್ಕಾರಿ ಹೆರಿಗೆ ಕೋಣೆಯೊಳಗೆ ಜೊತೆಗೊಬ್ಬಳನ್ನು ಬಿಡಿ ಎಂದು ಕೇಂದ್ರ ಸರ್ಕಾರ 2016ರಲ್ಲೇ ಸೂಚಿಸಿತ್ತು. ನಮಗೆ ಇದನ್ನು ಯಾರೂ ಹೇಳಲಿಲ್ಲ. ನಾವೂ ಬಾಣಂತಿ ಲೇಹ್ಯದ ಲೆಕ್ಕದಲ್ಲಿದ್ದೆವು.

ಈಗ ಮಗಳು ಮತ್ತೆ ಐದು ತಿಂಗಳ ಬಸುರಿ. ಹೆಬ್ಬಾಳದ ಕಡೆ ಒಬ್ಬ ಡಾಕ್ಟರಮ್ಮನನ್ನು, ನಾನು ಒಳಗಿರಬಹುದೇ ಎಂದು ಕೇಳಿದೆ. "ನಮ್ಮ ಮೇಲೆ ನಂಬಿಕೆ ಇಲ್ಲವೇ?" ಎಂದರು. ಸೀರೆ ಅಂಗಡಿಯವನೂ ಈ ಮಾತು ಆಡಿರಲಿಲ್ಲ. ಎದ್ದು ಬಂದೆವು. ಆರ್.ಟಿ. ನಗರದಲ್ಲಿ ಇನ್ನೊಬ್ಬರು ಹಳೆಯ ಡಿಸ್ಚಾರ್ಜ್ ಕಾಗದವನ್ನು ಪೂರ್ತಿ ಓದಿದರು. ಈ ಸಲ ಸಹಜವಾಗಿ ಪ್ರಯತ್ನಿಸಬಹುದು, ಅದರ ಅಪಾಯ ಇಂಥದು, ಇಂಥ ಲಕ್ಷಣ ಕಂಡರೆ ತಡಮಾಡದೆ ಆಪರೇಷನ್ ಮಾಡುತ್ತೇನೆ ಎಂದರು. ಅಷ್ಟನ್ನೂ ಹೇಳಿದ್ದು ನನ್ನ ಮುಖ ನೋಡಿ ಅಲ್ಲ, ಅಳಿಯನ ಮುಖ ನೋಡಿಯೂ ಅಲ್ಲ. ಮಗಳ ಮುಖ ನೋಡಿ.